ಎಷ್ಟಾಳಿಗೆ ಅನ್ನ ಇಡಲಿ?

ಈ ಅಂಕಣಕ್ಕೆ ಬೆಂಗಳೂರಿನ ಅನುವಾದಕಿಯೊಬ್ಬರು ಪತ್ರ ಬರೆದಿದ್ದಾರೆ. ಕಾರ್ಖಾನೆಯೊಂದರ ಸೂಪರ್‌ವೈಸರುಗಳ ತರಬೇತಿಗಾಗಿ ಇಂಗ್ಲಿಷ್ ಕೈಪಿಡಿಯೊಂದನ್ನು ಕನ್ನಡಕ್ಕೆ ತರುವ ಕೆಲಸ ಅವರಿಗೆ ಬಂದಿತ್ತು. ಅದರಲ್ಲಿ 'ಸರ್ವಂಟ್ ಲೀಡರ್‌ಶಿಪ್' ಎಂಬ ಒಂದು ಅಧ್ಯಾಯ. ಅವರು 'ಸೇವಕ ನಾಯಕತ್ವ' ಎಂದು ಬರೆದುಕೊಟ್ಟರು. ತರಬೇತಿಯ ದಿನ ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದು ನಿಂತು, "ಇಪ್ಪತ್ತು ವರ್ಷ ದುಡಿದು ಈ ಕುರ್ಚಿಗೆ ಬಂದಿದೀನಿ ಮೇಡಂ, ಈಗ ತಿರುಗಿ ಸೇವಕ ಆಗು ಅಂತೀರಾ?" ಎಂದರಂತೆ. ಕೋಣೆ ಸ್ತಬ್ಧವಾಯಿತಂತೆ. 'ಬೇರೆ ಪದವಿದ್ದರೆ ದಯವಿಟ್ಟು ತಿಳಿಸಿ' ಎಂದು ಪತ್ರ ಮುಗಿಯುತ್ತದೆ.

ಬೇರೆ ಪದವಿದೆ. ಎರಡೇ ಅಕ್ಷರ. ಆಳು.

'ಸೇವಕ ನಾಯಕತ್ವ' ತಪ್ಪಲ್ಲ. ಆದರೆ ಅದರಲ್ಲಿ ಉಸಿರಿಲ್ಲ. ಎರಡು ಪದಗಳನ್ನು ಪಕ್ಕಪಕ್ಕ ಕೂರಿಸಿ ಫೋಟೊ ತೆಗೆಸಿದ ಹಾಗಿದೆ. ಅವು ಒಂದರ ಮುಖ ಒಂದು ನೋಡುವುದಿಲ್ಲ. 'ಆಳು' ಹಾಗಲ್ಲ. ಹೊಲದಲ್ಲಿ ಕೂಲಿ ಮಾಡುವವನೂ ಆಳು, ಸಿಂಹಾಸನದ ಮೇಲೆ ಕೂತವನು ಮಾಡುವ ಕೆಲಸವೂ ಆಳುವುದೇ. ಹಳಗನ್ನಡದಲ್ಲಿ 'ಆಳ್' ಎಂದರೆ ಸೇವಕ, 'ಆಳ್ದ' ಎಂದರೆ ಒಡೆಯ. ನಡುವೆ ಇರುವುದು ಒಂದು ಒತ್ತಕ್ಷರ. ಯುದ್ಧಕ್ಕೆ ಹೊರಟರೆ ಅವನೇ ಕಾಲಾಳು. ತುಳುನಾಡಿನಲ್ಲಿ ಶತಮಾನಗಳ ಕಾಲ ರಾಜ್ಯವಾಳಿದವರು ಆಳುಪರು, ಅವರ ನಾಡು ಆಳ್ವಖೇಡ. ಅಲ್ಲಿನ ಬಂಟರಲ್ಲಿ 'ಆಳ್ವ' ಎಂಬ ಮನೆತನದ ಹೆಸರು ಇಂದಿಗೂ ಇದೆ. 'ಬಂಟ' ಎಂದರೂ ಕನ್ನಡದಲ್ಲಿ ವೀರ ಮತ್ತು ನೆಚ್ಚಿನ ಸೇವಕ ಎರಡೂ ಅರ್ಥ. ರಾಮನ ಬಂಟ ಹನುಮಪ್ಪನಿಗೆ ಕಟ್ಟಿದಷ್ಟು ಗುಡಿಗಳನ್ನು ನಮ್ಮ ಊರುಗಳು ರಾಮನಿಗೇ ಕಟ್ಟಿಲ್ಲ.

ನಿಘಂಟುಗಳು ಆಳು ಎಂಬ ನಾಮಪದವನ್ನೂ ಆಳು ಎಂಬ ಕ್ರಿಯಾಪದವನ್ನೂ ಬೇರೆಬೇರೆ ಸಾಲಿನಲ್ಲಿ ಇಡುತ್ತವೆ. ಇಡಲಿ. ಅವೆರಡೂ ಒಂದೇ ಬೇರಿನವು ಎಂಬುದು ಈ ಅಂಕಣದ ಹಳೆಯ ಹಟ. ಎರಡರ ನಡುವೆ ಒಂದು ಮೂರನೆಯ ಅರ್ಥವಿದೆ, ಅದೇ ಸೇತುವೆ: ಆಳು ಎಂದರೆ ಮನುಷ್ಯ. ಬಾವಿಯ ನೀರನ್ನು 'ಎರಡಾಳುದ್ದ' ಎಂದು ಅಳೆಯುತ್ತೇವೆ, ಗೋಡೆಯನ್ನು 'ಆಳೆತ್ತರ' ಎನ್ನುತ್ತೇವೆ, ಯಾರಾದರೂ ಮೆಚ್ಚುವಂಥದ್ದು ಮಾಡಿದರೆ 'ಭಾರಿ ಆಳು ಕಣಯ್ಯ ನೀನು' ಎನ್ನುತ್ತೇವೆ. ಮೊದಲು ಅವನು ಒಬ್ಬ ಮನುಷ್ಯ, ಲೆಕ್ಕಕ್ಕೆ ಸಿಗುವ ಒಂದು ಜೀವ. ಆ ಜೀವ ಇನ್ನೊಬ್ಬರ ಕೆಲಸಕ್ಕೆ ನಿಂತಾಗ ಒಂದು ಅರ್ಥ ಹುಟ್ಟಿತು. ಮನೆಯನ್ನೋ ಊರನ್ನೋ ಹೆಗಲಿಗೆ ಹಾಕಿಕೊಂಡಾಗ ಇನ್ನೊಂದು. ಮನೆಯನ್ನು ಆಳುವವಳು ಎಂದು ಯಾರನ್ನು ಕರೆಯುತ್ತೇವೋ ಅವಳು ಎಲ್ಲರಿಗಿಂತ ಮೊದಲು ಏಳುವವಳು, ಎಲ್ಲರಾದ ಮೇಲೆ ಉಣ್ಣುವವಳು. ಭಾಷಾಶಾಸ್ತ್ರಕ್ಕೆ ಇಷ್ಟು ಸಾಕ್ಷಿ ಸಾಲದಿರಬಹುದು. ಅಡುಗೆಮನೆಗೆ ಸಾಕು.

ಈ ಅಂಕಣ ಬರೆಯುವವರ ಅಜ್ಜಿ ನಾಟಿಯ ದಿನಗಳಲ್ಲಿ ಬೆಳಿಗ್ಗೆ ಒಲೆಯ ಮುಂದೆ ನಿಂತು ಕೂಗಿ ಕೇಳುತ್ತಿದ್ದ ಮಾತು ಒಂದೇ: "ಎಷ್ಟಾಳಿಗೆ ಅನ್ನ ಇಡಲಿ?" ಗದ್ದೆಯಂಚಿನಿಂದ ಅಜ್ಜ "ಹದಿನಾಲ್ಕು" ಎನ್ನುತ್ತಿದ್ದರು. ಬಂದ ಕೂಲಿಯವರು ಹನ್ನೆರಡು. ಹದಿಮೂರನೆಯ ಆಳು ಅಜ್ಜ, ಹದಿನಾಲ್ಕನೆಯ ಆಳು ಅಜ್ಜಿ. ಆ ದಿನಗಳಲ್ಲಿ ಯಜಮಾನ ತನ್ನನ್ನು ಬಿಟ್ಟು ಎಣಿಸುತ್ತಿರಲಿಲ್ಲ. ಆದರೆ ಇನ್ನೊಂದು ಮಾತನ್ನೂ ಹೇಳಲೇಬೇಕು. ಒಂದೇ ಲೆಕ್ಕದಲ್ಲಿ ಬೆಂದ ಆ ಅನ್ನವನ್ನು ಹದಿನಾಲ್ಕು ಜನ ಒಂದೇ ಕಡೆ ಕೂತು ಉಣ್ಣುತ್ತಿರಲಿಲ್ಲ. ಕೆಲವರು ಒಳಗೆ, ಕೆಲವರು ಜಗಲಿಯಲ್ಲಿ, ಕೆಲವರು ಅಂಗಳದಾಚೆ. ಎಣಿಕೆಯಲ್ಲಿದ್ದ ಸಮಾನತೆ ಎಲೆಯ ಹತ್ತಿರ ಬರುವಷ್ಟರಲ್ಲಿ ಸತ್ತುಹೋಗುತ್ತಿತ್ತು. ಜೀತ ಪದ್ಧತಿಯನ್ನು ರದ್ದು ಮಾಡಿದ ಕಾನೂನು ಬಂದಿದ್ದು 1976ರಲ್ಲಿ, ಮೊನ್ನೆ ಮೊನ್ನೆ. 'ಆಳು' ಎಂಬ ಪದವನ್ನು ಹೊಗಳುವವರು ಇದನ್ನು ನುಂಗಿಕೊಂಡು ಹೊಗಳಬಾರದು.

ಈಗ ಗಾದೆಗೆ ಬರೋಣ. 'ಆಳಾಗಬಲ್ಲವನು ಅರಸನಾಗಬಲ್ಲ.' ಶಾಲೆಯ ವಾರ್ಷಿಕೋತ್ಸವದಿಂದ ಹಿಡಿದು ಕಂಪನಿಗಳ ವೇದಿಕೆಯವರೆಗೆ ಎಲ್ಲೆಲ್ಲೂ ಇದನ್ನು ಒಂದು ಏಣಿಯಂತೆ ವಿವರಿಸುತ್ತಾರೆ: ಈಗ ಕೆಳಗಿನ ಮೆಟ್ಟಿಲಲ್ಲಿ ಬೆವರು ಸುರಿಸು, ಮುಂದೊಂದು ದಿನ ಮೇಲೆ ಕೂರುವೆ. ಗಾದೆ ಹಾಗೆ ಹೇಳಿಯೇ ಇಲ್ಲ. ಅದರಲ್ಲಿ 'ಆಮೇಲೆ' ಎಂಬ ಪದವಿಲ್ಲ, 'ಮುಂದೆ' ಎಂಬುದಿಲ್ಲ. ಇರುವುದು 'ಬಲ್ಲ', ಅದೂ ಎರಡು ಸಲ. ಬಲ್ಲ ಎಂದರೆ ಬರೀ ಆಗುತ್ತದೆ ಎಂದಲ್ಲ, ತಿಳಿದಿದೆ ಎಂದೂ ಅರ್ಥ. ಈಜಬಲ್ಲ, ಹಾಡಬಲ್ಲ, ನೇಯಬಲ್ಲ ಎನ್ನುವಂತೆ ಆಳಾಗಬಲ್ಲ. ಆಳಾಗುವುದು ಹುಟ್ಟಿನ ಹಣೆಬರಹವಲ್ಲ, ಕಲಿಯಬೇಕಾದ ವಿದ್ಯೆ ಎಂದು ಈ ಗಾದೆ ಕಟ್ಟಿದವರಿಗೆ ಗೊತ್ತಿತ್ತು. ಇನ್ನೊಬ್ಬರಿಗೆ ಏನು ಬೇಕು ಎಂಬುದನ್ನು ಅವರು ಬಾಯಿಬಿಡುವ ಮೊದಲೇ ಗ್ರಹಿಸುವುದು, ಯಾವ ಕೆಲಸ ಎಷ್ಟು ಹೊತ್ತು ಹಿಡಿಯುತ್ತದೆ ಎಂಬ ಅಂದಾಜು, ಮಳೆ ಬರುವ ಮುಂಚೆ ಕಣ ಮುಚ್ಚುವ ಎಚ್ಚರ: ಇವು ಆಳಿನ ವಿದ್ಯೆ. ಅರಸನ ವಿದ್ಯೆಯೂ ಇದೇ ಅಲ್ಲವೇ? ಇದರ ಜೊತೆಗಾರ ಗಾದೆ ಇನ್ನೂ ನೇರ. 'ಆಳಾಗಿ ದುಡಿ, ಅರಸಾಗಿ ಉಣ್ಣು.' ಇಲ್ಲಿ ದುಡಿಯುವವನೂ ಉಣ್ಣುವವನೂ ಒಬ್ಬನೇ, ದಿನವೂ ಒಂದೇ. ಬೆಳಿಗ್ಗೆ ಆಳು, ಮಧ್ಯಾಹ್ನ ಅರಸ, ಊಟದ ನಂತರ ತಿರುಗಿ ಆಳು. ಬಡ್ತಿಗೆ ಕಾಯುವ ಇಪ್ಪತ್ತು ವರ್ಷ ಈ ಗಾದೆಯಲ್ಲಿ ಎಲ್ಲಿದೆ? ಒಳ್ಳೆಯ ಗಾದೆಯನ್ನು ಬಡ್ತಿಯ ಜಾಹೀರಾತು ಮಾಡಿಬಿಟ್ಟಿರುವುದು ನಮ್ಮ ಕಾಲದ ಭಾಷಣಕಾರರು ಕನ್ನಡಕ್ಕೆ ಮಾಡಿದ ನಷ್ಟ.

ಈ ಏಣಿಯನ್ನೇ ಯೇಸು ಕಿತ್ತುಹಾಕಿದ್ದು. ಮಾರ್ಕನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಯಾಕೋಬ, ಯೋಹಾನ ಎಂಬ ಇಬ್ಬರು ಶಿಷ್ಯರು ಎಡಬಲದ ಆಸನಗಳನ್ನು ಕೇಳುತ್ತಾರೆ. ಉಳಿದ ಹತ್ತು ಮಂದಿ ಸಿಟ್ಟಾಗುತ್ತಾರೆ. ಆಗ ಬರುವ ಉತ್ತರದಲ್ಲಿ ಗ್ರೀಕಿನ ಎರಡು ಪದಗಳಿವೆ. ದೊಡ್ಡವನಾಗಬೇಕೆನ್ನುವವನು 'ದಿಯಾಕೊನೊಸ್' ಆಗಲಿ, ಮೊದಲನೆಯವನಾಗಬೇಕೆನ್ನುವವನು 'ದೂಲೊಸ್' ಆಗಲಿ ಎಂದು. ಮೊದಲನೆಯದು ಸೇವೆಗೆ ನಿಂತವನು, ಎರಡನೆಯದು ಗುಲಾಮ. ಎರಡನೆಯ ಪದ ಕೇಳಿದಾಗ ಆ ಶಿಷ್ಯರ ಮುಖ ನಮ್ಮ ಸೂಪರ್‌ವೈಸರ್ ಮುಖದ ಹಾಗೇ ಆಗಿದ್ದಿರಬೇಕು. ದಿಯಾಕೊನೊಸ್ ಬಗ್ಗೆ ಆಸ್ಟ್ರೇಲಿಯದ ವಿದ್ವಾಂಸ ಜಾನ್ ಎನ್. ಕಾಲಿನ್ಸ್ 1990ರಲ್ಲಿ ಒಂದು ಇಡೀ ಗ್ರಂಥವನ್ನೇ ಬರೆದರು: ಹಳೆಯ ಗ್ರೀಕಿನಲ್ಲಿ ಆ ಪದಕ್ಕೆ ಬರೀ ಊಟ ಬಡಿಸುವ ಕೀಳು ಚಾಕರಿ ಎಂಬರ್ಥವಿರಲಿಲ್ಲ, ಒಬ್ಬರು ಒಪ್ಪಿಸಿದ ಹೊಣೆಯನ್ನು ಇನ್ನೊಬ್ಬರಿಗೆ ಮುಟ್ಟಿಸುವ ದೂತನ ಘನತೆಯೂ ಇತ್ತು ಎಂದು. ಕನ್ನಡದ ಸತ್ಯವೇದ ಇವುಗಳಿಗೆಲ್ಲ ಒಂದೇ ಪದಕ್ಕೆ ಅಂಟಿಕೊಳ್ಳಲಿಲ್ಲ. ಪೌಲ ತನ್ನನ್ನು ಕ್ರಿಸ್ತನ 'ದಾಸ' ಎನ್ನುತ್ತಾನೆ, ಸಭೆಯ ಕೆಲಸಕ್ಕೆ ನಿಂತವರು 'ಸಭಾಸೇವಕರು', ತಲಾಂತುಗಳ ಸಾಮ್ಯದಲ್ಲಿ ಧಣಿ ಬೆನ್ನು ತಟ್ಟುವುದು ನಂಬಿಗಸ್ತನಾದ 'ಆಳಿ'ಗೆ. ದಾಸ ಎಂದರೆ ಕನ್ನಡದ ಕಿವಿಗೆ ತಂಬೂರಿಯೂ ಕೇಳಿಸುತ್ತದೆ. ಭಾಷಾಂತರಕಾರರ ಕಿವಿ ಚುರುಕಾಗಿತ್ತು.

ಯೇಸು ಶಿಷ್ಯರ ಕಾಲು ತೊಳೆದ ಪ್ರಸಂಗ ಬರುವುದು ಯೋಹಾನನ ಸುವಾರ್ತೆಯ ಹದಿಮೂರನೆಯ ಅಧ್ಯಾಯದಲ್ಲಿ. ನಮ್ಮಲ್ಲಿ ಪಾದಪೂಜೆ ಹೊಸದಲ್ಲ. ಶಿಷ್ಯ ಗುರುವಿನ ಪಾದ ತೊಳೆಯುತ್ತಾನೆ, ಮಾವ ಅಳಿಯನ ಪಾದ ತೊಳೆಯುತ್ತಾನೆ. ನೀರು ಹಿಡಿದವನು ಯಾವಾಗಲೂ ಕೆಳಗಿನವನು. ಆ ರಾತ್ರಿ ಊಟದ ನಡುವೆ ಎದ್ದು ಸೊಂಟಕ್ಕೆ ವಸ್ತ್ರ ಕಟ್ಟಿಕೊಂಡು ಬೋಗುಣಿ ಹಿಡಿದವನು ಗುರು. ಶಿಷ್ಯ ಪೇತ್ರ ಕಾಲು ಹಿಂದಕ್ಕೆಳೆದುಕೊಳ್ಳುತ್ತಾನೆ. ಕನ್ನಡದ ಓದುಗರಿಗೆ ಪೇತ್ರನ ಮುಜುಗರವನ್ನು ಯಾರೂ ವಿವರಿಸಬೇಕಾಗಿಲ್ಲ.

ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟ್ ಬರೆದ ಮಠದ ನಿಯಮಗಳಲ್ಲಿ ಇದು ವಾರದ ಕೆಲಸವಾಯಿತು. ಸನ್ಯಾಸಿಗಳು ಸರದಿಯ ಮೇಲೆ ಅಡುಗೆಮನೆಗೆ ನಿಲ್ಲಬೇಕು. ಸರದಿ ಮುಗಿಸಿದವನೂ ಹೊಸದಾಗಿ ಬರುವವನೂ ಸೇರಿ ಎಲ್ಲರ ಕಾಲು ತೊಳೆಯಬೇಕು. 2013ರ ಮಾರ್ಚ್ 28, ಪವಿತ್ರ ಗುರುವಾರ. ಪೋಪ್ ಆಗಿ ಹದಿನೈದು ದಿನವಷ್ಟೇ ಆಗಿದ್ದ ಫ್ರಾನ್ಸಿಸ್ ರೋಮಿನ ಬಾಲಾಪರಾಧಿಗಳ ಬಂದೀಖಾನೆ ಕಸಾಲ್ ದೆಲ್ ಮಾರ್ಮೊಗೆ ಹೋಗಿ ಹನ್ನೆರಡು ಎಳೆಯರ ಕಾಲು ತೊಳೆದರು. ಅವರಲ್ಲಿ ಇಬ್ಬರು ಹೆಣ್ಣುಮಕ್ಕಳಿದ್ದರು, ಮುಸ್ಲಿಮರಿದ್ದರು. ಅದುವರೆಗೆ ಗಂಡಸರಿಗೇ ಮೀಸಲಾಗಿದ್ದ ವಿಧಿಯನ್ನು 2016ರಲ್ಲಿ ಅಧಿಕೃತವಾಗಿಯೇ ತಿದ್ದಲಾಯಿತು.

ಇಷ್ಟಾದರೂ ಪದಕ್ಕೊಂದು ರೋಗವಿದೆ: ಅದು ಮೇಲೇರುತ್ತದೆ. 'ದೇವರ ಸೇವಕರ ಸೇವಕ' ಎಂದು ತನ್ನನ್ನು ಕರೆದುಕೊಂಡ ಪೋಪ್ ಮಹಾ ಗ್ರೆಗರಿ, ಕಾನ್‌ಸ್ಟಾಂಟಿನೋಪಲ್ಲಿನ ಧರ್ಮಗುರು 'ವಿಶ್ವ' ಎಂಬ ಬಿರುದು ಧರಿಸಿದ್ದನ್ನು ವಿರೋಧಿಸಿದವರು. ಮುಂದೆ ಆ ವಿನಯದ ಮಾತೇ ಪೋಪರ ಬಿರುದಾಯಿತು. ಇಂಗ್ಲಿಷಿನ 'ನೈಟ್' ಮೊದಲು ಕೆಲಸದ ಹುಡುಗ. 'ಮಾರ್ಷಲ್' ಮೊದಲು ಕುದುರೆ ನೋಡಿಕೊಳ್ಳುವ ಆಳು. ಈಗ ಅವರಿಗೆ ಸೇನೆಯೇ ಸೆಲ್ಯೂಟ್ ಹೊಡೆಯುತ್ತದೆ. ನಮ್ಮ ಊರುಗಳ ಕೂಟಗಳಲ್ಲೂ 'ದೇವರ ಸೇವಕರು' ಎಂದರೆ ಹಾರ, ಶಾಲು, ಎತ್ತರದ ಕುರ್ಚಿ. ಚಿತ್ರದುರ್ಗದಲ್ಲಿ, ಕೆಳದಿಯಲ್ಲಿ ಕೋಟೆಯೊಳಗೆ ಕೂತು ಆಳಿದ 'ನಾಯಕ' ಮಾತ್ರ ಕೆಳಗಿಳಿದಿದ್ದಾನೆ: ಇಂದಿನ ಭೂಸೇನೆಯಲ್ಲಿ ನಾಯಕ್ ಎಂದರೆ ಹವಾಲ್ದಾರನಿಗಿಂತ ಕೆಳಗಿನ ದರ್ಜೆ. ಸೇವಕ ಏರಿದ, ನಾಯಕ ಇಳಿದ. ಇಬ್ಬರನ್ನೂ ಹಿಡಿದು 'ಸೇವಕ ನಾಯಕತ್ವ' ಎಂದು ಕಟ್ಟಿದರೆ ಗಂಟು ನಿಲ್ಲುವುದು ಕಷ್ಟ.

ಕಚೇರಿಗಳಿಗೆ ಈ ಮಾತನ್ನು ತಂದವರು ಅಮೆರಿಕದ ರಾಬರ್ಟ್ ಗ್ರೀನ್‌ಲೀಫ್. 1926ರಿಂದ 1964ರವರೆಗೆ ಎ.ಟಿ. ಅಂಡ್ ಟಿ. ಎಂಬ ಟೆಲಿಫೋನ್ ಕಂಪನಿಯಲ್ಲಿ ದುಡಿದ, ಕ್ವೇಕರ್ ಪಂಥದ ಈ ಮನುಷ್ಯ 1970ರಲ್ಲಿ ಒಂದು ಪ್ರಬಂಧ ಬರೆದರು. ನಿಮ್ಮ ಸೇವೆ ಪಡೆದವರು ಮನುಷ್ಯರಾಗಿ ಬೆಳೆಯುತ್ತಿದ್ದಾರೆಯೇ ಎಂಬುದು ಅವರು ಒಡ್ಡಿದ ಪರೀಕ್ಷೆ. ಆ ಪ್ರಬಂಧಕ್ಕೆ ಕಿಡಿ ಹೊತ್ತಿಸಿದ್ದು ಜರ್ಮನ್ ಲೇಖಕ ಹರ್ಮನ್ ಹೆಸ್ಸೆಯ 'ಪೂರ್ವ ದಿಕ್ಕಿನ ಪಯಣ' ಎಂಬ 1932ರ ಕಿರುಕಾದಂಬರಿ. ಅದರಲ್ಲಿ ಪಯಣಿಗರ ಗಂಟುಮೂಟೆ ಹೊರುವ ಲಿಯೊ ಎಂಬ ಆಳು ಕಾಣೆಯಾಗುತ್ತಾನೆ, ತಂಡ ಚೆದುರಿಹೋಗುತ್ತದೆ. ಆ ಪಯಣವನ್ನು ಹೊರಡಿಸಿದ ಇಡೀ ಪಂಥಕ್ಕೆ ಅವನೇ ಮುಖ್ಯಸ್ಥನೆಂದು ಕೊನೆಗೆ ಗೊತ್ತಾಗುತ್ತದೆ.

ಈಗ ಹೆಸ್ಸೆಯ ಮನೆಗೆ ಹೋಗಿ ನೋಡಿ. ಅವರ ತಾಯಿ ಮಾರಿ ಹುಟ್ಟಿದ್ದು 1842ರಲ್ಲಿ, ತಲಶ್ಶೇರಿಯಲ್ಲಿ. ತಾಯಿಯ ತಂದೆ ಬಾಸೆಲ್ ಮಿಷನ್ನಿನ ಹರ್ಮನ್ ಗುಂಡರ್ಟ್, ಮಲಯಾಳ ನಿಘಂಟು ಕಟ್ಟಿದವರು. ಆ ನಿಘಂಟು 1872ರಲ್ಲಿ ಅಚ್ಚಾಗಿದ್ದು ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ. ಅದೇ ಮಿಷನ್ನಿನ ಕಿಟೆಲ್ಲರ ಕನ್ನಡ ನಿಘಂಟು 1894ರಲ್ಲಿ ಹೊರಬಂದದ್ದೂ ಮಂಗಳೂರಿನಿಂದಲೇ. ಮಲಯಾಳದಲ್ಲೂ 'ಆಳ್' ಎಂದರೆ ಮನುಷ್ಯ, 'ಆಳುಗ' ಎಂದರೆ ರಾಜ್ಯವಾಳುವುದು. ಅಜ್ಜ ಜೋಡಿಸಿದ ಪದ ಮೊಮ್ಮಗನ ಕತೆಯಲ್ಲಿ ಲಿಯೊ ಆಗಿ ಎದ್ದು ಬಂತೆಂದು ಸಾಧಿಸಲು ಆಧಾರವಿಲ್ಲ, ನಿಜ. ಆದರೂ ಮಂಗಳೂರಿನ ಅಚ್ಚುಮೊಳೆಗಳ ನಡುವೆ ಒಮ್ಮೆ ಮಲಗಿದ್ದ ಆಳು, ಜರ್ಮನಿ, ಅಮೆರಿಕ ಸುತ್ತಿ, ಸರ್ವಂಟ್ ಲೀಡರ್ ಎಂಬ ಹೆಸರಲ್ಲಿ ಬೆಂಗಳೂರಿಗೆ ಬಂದಿಳಿದಂತೆ ಈ ಅಂಕಣಕ್ಕೆ ಕಾಣುತ್ತದೆ. ಹಾಗೆ ಕಾಣುವುದನ್ನು ಬಿಟ್ಟುಕೊಡಲು ಮನಸ್ಸಿಲ್ಲ.

ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ಈ ಪದ ದಿನಬಳಕೆಯದು. ತಂಡವಾಗಿ ಕೆಲಸ ಮಾಡುವ 'ಸ್ಕ್ರಮ್' ಎಂಬ ಪದ್ಧತಿಯ 2017ರ ಮಾರ್ಗದರ್ಶಿ ಸ್ಕ್ರಮ್ ಮಾಸ್ಟರನ್ನು ತಂಡದ 'ಸರ್ವಂಟ್ ಲೀಡರ್' ಎಂದಿತ್ತು. 2020ರ ಆವೃತ್ತಿಯಲ್ಲಿ ಆ ಜೋಡುಪದ ಹೋಯಿತು. ಸೇವೆ ಮಾಡುವ ನಿಜವಾದ ನಾಯಕ ಎಂಬರ್ಥದ ಮಾತು ಬಂತು. ಆಳು ನಾಮಪದವಾಗಿ ಉಳಿಯಲಿಲ್ಲ, ಕ್ರಿಯಾಪದವಾಯಿತು. ಅದಕ್ಕಿಂತ ನೋಯಿಸುವುದು ಅದೇ ಕಚೇರಿಗಳ ಇನ್ನೊಂದು ಮಾತು. 'ಈ ಪ್ರಾಜೆಕ್ಟಿಗೆ ಎರಡು ರಿಸೋರ್ಸ್ ಬೇಕು', 'ಆ ರಿಸೋರ್ಸ್ ರಜೆಯಲ್ಲಿದೆ.' ರಜೆಯಲ್ಲಿ 'ಇದೆ'! ಕಲ್ಲಿದ್ದಲಿಗೂ ನೀರಿಗೂ ಹೇಳುವ ಪದವನ್ನು ಹೆತ್ತವರು ಹೆಸರಿಟ್ಟ ಮಕ್ಕಳಿಗೆ ಹೇಳುತ್ತಿದ್ದೇವೆ. 'ಎರಡಾಳು ಬೇಕು' ಎನ್ನಲು ನಾಚಿಕೆಯಂತೆ, ಅದು ಹಳ್ಳಿಯ ಮಾತಂತೆ. ಆ ಹಳ್ಳಿಯ ಮಾತಿನಲ್ಲಿ ಒಬ್ಬ ಮನುಷ್ಯನಾದರೂ ಇದ್ದ.

ಹಿರಿಯ ಸೂಪರ್‌ವೈಸರ್ ಕೇಳಿದ್ದಕ್ಕೆ ಇನ್ನೂ ಉತ್ತರ ಸಂದಿಲ್ಲ. ಅಮೆರಿಕದ ಕಪ್ಪು ಜನಾಂಗದ ದೇವತಾಶಾಸ್ತ್ರಜ್ಞೆ ಜಾಕ್ವೆಲಿನ್ ಗ್ರಾಂಟ್ 1993ರ ಪ್ರಬಂಧವೊಂದರಲ್ಲಿ ಹೆಚ್ಚು ಕಡಿಮೆ ಇದನ್ನೇ ಕೇಳಿದ್ದರು. ತಲೆಮಾರುಗಳಿಂದ ಬೇರೆಯವರ ಮನೆಯ ನೆಲ ಒರೆಸಿದ ಹೆಂಗಸರಿಗೆ 'ಸೇವಕರಾಗಿರಿ' ಎಂದು ಉಪದೇಶಿಸುವುದು ಯಾವ ಸುವಾರ್ತೆ? ಬೋಗುಣಿ ಹಿಡಿದವನು ಗುರು, ಹಿಡಿಯದಿರುವ ಆಯ್ಕೆ ಅವನಿಗಿತ್ತು. ಇಪ್ಪತ್ತು ವರ್ಷ ಬೇರೆಯವರ ಮಾತಿನಂತೆ ನಡೆದವರಿಗೆ ಆ ಆಯ್ಕೆ ಎಂದಿತ್ತು? ಕೈಪಿಡಿಯ ಆ ಅಧ್ಯಾಯವನ್ನು ಮೊದಲು ಓದಬೇಕಾದವರು ಅವರ ಮೇಲಿನ ಮಹಡಿಯವರು.

ಪತ್ರ ಬರೆದವರಿಗೆ ಮೂರು ಕೋರಿಕೆ. 'ಸೇವಕ ನಾಯಕತ್ವ' ಇರುವಲ್ಲಿ 'ಆಳಾಗಬಲ್ಲ ನಾಯಕ' ಎಂದು ಬರೆದು ನೋಡಿ. ಕೈಪಿಡಿಯಲ್ಲಿ 'ರಿಸೋರ್ಸ್' ಇದ್ದರೆ ಅಲ್ಲೆಲ್ಲ 'ಆಳು' ಎಂದೇ ತಿದ್ದಿ. ಮುಂದಿನ ಮುದ್ರಣದಲ್ಲಿ ಆ ಹಿರಿಯರ ಪ್ರಶ್ನೆಯನ್ನು ಅವರಾಡಿದ ಮಾತಿನಲ್ಲೇ ಅಧ್ಯಾಯದ ಮೊದಲ ಸಾಲಾಗಿ ಹಾಕಿಸಿ. ಅವರ ಹೆಸರು ನಿಮ್ಮ ಪತ್ರದಲ್ಲಿಲ್ಲ. ಅವರು ಒಪ್ಪಿದರೆ ಅದನ್ನೂ ಪ್ರಶ್ನೆಯ ಕೆಳಗೆ ಅಚ್ಚು ಹಾಕಿಸಿ.