ಕೆಸರು ದಾಟಿಸಿದ ಕಾವಲುಗಳು

ಮಳೆಗಾಲ ಹಿಡಿಯಿತೆಂದರೆ ಸಕಲೇಶಪುರ, ಮೂಡಿಗೆರೆಯ ಕಡೆಯ ಕಾಡುದಾರಿಗಳಲ್ಲಿ ಜೀಪುಗಳ ಸಾಲು ಕಾಣುತ್ತದೆ. ರಸ್ತೆ ಇರುವ ಕಡೆ ಇವಕ್ಕೆ ಕೆಲಸವಿಲ್ಲ. ರಸ್ತೆ ಮುಗಿದಲ್ಲಿಂದ ಇವುಗಳ ಪ್ರಯಾಣ ಆರಂಭ. ಹೊರಡುವ ಮೊದಲು ನಡೆಯುವ ಸಿದ್ಧತೆಯೂ ದೊಡ್ಡದು. ಆಳವಾದ ಹಲ್ಲುಗಳ ಟೈರು, ಎಳೆಯುವ ಹಗ್ಗ, ಮುಂಭಾಗಕ್ಕೆ ಬಿಗಿದ ವಿಂಚು, ಗುದ್ದಲಿ, ಹಲಗೆ ಎಲ್ಲವೂ ಬೇಕು. ಒಂಟಿ ಜೀಪು ಕೆಸರಿಗೆ ಇಳಿಯಬಾರದೆಂಬುದು ಅವರ ಮೊದಲ ನಿಯಮ. ಕೆಸರಿನ ಅಂಚಿಗೆ ಬಂದಾಗ ಟೈರಿನ ಗಾಳಿಯನ್ನು ಸ್ವಲ್ಪ ಇಳಿಸುತ್ತಾರೆ. ಗಾಳಿ ಕಡಿಮೆಯಾದ ಟೈರು ಅಗಲವಾಗಿ ಹರಡಿಕೊಂಡು ಗಾಡಿಯ ಭಾರವನ್ನು ಹೆಚ್ಚು ನೆಲಕ್ಕೆ ಹಂಚುತ್ತದೆ. ಹೂತುಕೊಳ್ಳುವುದು ಅಷ್ಟರಮಟ್ಟಿಗೆ ತಪ್ಪುತ್ತದೆ.

ಕೆಸರಿನ ಸಮಸ್ಯೆ ಹೊಸದಲ್ಲ. ಮಹಾಭಾರತದ ಅತ್ಯಂತ ಕರುಣಾಜನಕ ಪ್ರಸಂಗವೊಂದು ನೆಲದಲ್ಲಿ ಹೂತ ಗಾಲಿಯದೇ. ಕರ್ಣ ರಥದಿಂದಿಳಿದು ಚಕ್ರವನ್ನು ಎತ್ತುತ್ತಿದ್ದಾಗ ಅವನ ನೆರವಿಗೆ ಇನ್ನೊಂದು ರಥ ಬರಲಿಲ್ಲ. ಹಳೇಬೀಡಿನ ಹೊಯ್ಸಳೇಶ್ವರನ ಗೋಡೆಗಳ ಮೇಲೆ ಕುರುಕ್ಷೇತ್ರದ ರಥಗಳನ್ನು ಶಿಲ್ಪಿಗಳು ಸಾಲುಸಾಲಾಗಿ ಕೆತ್ತಿದ್ದಾರೆ. ಕಲ್ಲಿನಲ್ಲಿ ಅವೆಲ್ಲ ಸಲೀಸಾಗಿ ಓಡುತ್ತವೆ. ನಿಜವಾದ ಯುದ್ಧದಲ್ಲಿ ಹಾಗಾಗುವುದಿಲ್ಲವೆಂಬುದನ್ನು ಹದಿನೆಂಟನೆಯ ಶತಮಾನದ ಮೈಸೂರಿನಲ್ಲಿ ಕಾದಾಡಿದ ಸೈನ್ಯಗಳು ಚೆನ್ನಾಗಿ ಅರಿತವು.

ಅಂದಿನ ಅತಿ ಭಾರದ ವಾಹನವೆಂದರೆ ಫಿರಂಗಿ ಗಾಡಿ. ಕೋಟೆಯ ಗೋಡೆ ಒಡೆಯಬಲ್ಲ ದೊಡ್ಡ ಫಿರಂಗಿಯೊಂದಕ್ಕೆ ಹತ್ತಾರು ಜೋಡಿ ಎತ್ತುಗಳನ್ನು ಹೂಡಬೇಕಿತ್ತು. ಏರು ಬಂದಾಗ ಹಿಂದಿನಿಂದ ಆನೆ ಹಣೆಯೊತ್ತಿ ತಳ್ಳಬೇಕು. ಕೆಸರಿನಲ್ಲಿ ಗಾಲಿ ಕೂತರೆ ಹಿಂದಿನ ಗಾಡಿಯ ಎತ್ತುಗಳನ್ನು ಬಿಚ್ಚಿ ಮುಂದಿನದಕ್ಕೆ ಕಟ್ಟಬೇಕು. ಅದೂ ಸಾಲದಾದರೆ ಸಿಪಾಯಿಗಳೇ ಹಗ್ಗ ಹಿಡಿಯಬೇಕು. ಹೊರಡುವ ಮೊದಲು ಅಚ್ಚಿಗೆ ಕೀಲೆಣ್ಣೆ, ಕಡಾಣಿಯ ಪರೀಕ್ಷೆ, ಎತ್ತಿಗೆ ಲಾಳ, ಬದಲಿ ನೊಗ ಮತ್ತು ಮಿಣಿ. ಇಂದಿನ ಜೀಪಿನವರ ಪಟ್ಟಿಗೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ಆದರೆ ಈ ಪಟ್ಟಿಯಲ್ಲಿ ಹೊರಡುವ ಹಿಂದಿನ ದಿನ ಅಂಗಡಿಯಿಂದ ತರಲಾಗದ ವಸ್ತು ಒಂದಿತ್ತು. ಅದು ಎತ್ತು.

ಅದನ್ನು ಒದಗಿಸಿದ ನಾಡು ಅರಸೀಕೆರೆಯಿಂದ ಆರಂಭವಾಗಿ ಕಡೂರು, ಬೀರೂರು, ಅಜ್ಜಂಪುರದ ಕಡೆಗೆ, ಅಲ್ಲಿಂದ ಚಿತ್ರದುರ್ಗದವರೆಗೆ ಹಬ್ಬಿದ ಹುಲ್ಲು ಬಯಲು. ಮಲೆನಾಡಿನ ಮಳೆ ಬೇಲೂರಿನ ಆಚೆಗೇ ಮುಗಿದುಹೋಗುವುದರಿಂದ ಇಲ್ಲಿ ದಟ್ಟ ಕಾಡು ಬೆಳೆಯುವುದಿಲ್ಲ, ಹುಲ್ಲು ಬೆಳೆಯುತ್ತದೆ. ಈ ಬಯಲಿನ ತುಂಡುಗಳನ್ನು ಉಳುಮೆಗೆ ಕೊಡದೆ ದನಗಳಿಗಾಗಿಯೇ ಕಾಯ್ದಿರಿಸಿದ್ದರು. ಅವೇ ಕಾವಲುಗಳು. ಅರಸೀಕೆರೆ ತಾಲ್ಲೂಕಿನ ಹಬ್ಬನಘಟ್ಟ ಅವುಗಳಲ್ಲೊಂದು.

ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ಎಂದರೆ 1673ರಿಂದ 1704ರ ನಡುವೆ, ಅರಮನೆಯ ಹಸುಗಳಿಗೆ ಒಂದು ಇಲಾಖೆಯೇ ಏರ್ಪಟ್ಟಿತು. ಹೆಸರು ಬೆಣ್ಣೆ ಚಾವಡಿ. ಹೆಸರೇ ಹೇಳುವಂತೆ ಆಗ ಹಾಲು ಬೆಣ್ಣೆಯೇ ಮುಖ್ಯವಾಗಿತ್ತು. ಹೈದರಾಲಿಯ ಕಣ್ಣಿಗೆ ಬಿದ್ದದ್ದು ಬೆಣ್ಣೆಯಲ್ಲ, ಹೋರಿಗರು. ಸೋತ ಪಾಳೆಯಗಾರರ ಹಿಂಡುಗಳೂ ಸರ್ಕಾರದ ಹಿಂಡಿಗೆ ಸೇರಿದವು. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗದ ದನಗಳು ಕೂಡಿ ರೂಪುಗೊಂಡ ಈ ತಳಿಗೆ ಅಮೃತ ಮಹಲ್ ಎಂಬ ಹೆಸರು ಬಂದದ್ದು ಟಿಪ್ಪುವಿನ ಕಾಲದಲ್ಲಿ. ಹಿಂಡುಗಳ ಪಾಲನೆಗೆ ಅವನು ಹುಕುಂನಾಮೆಯನ್ನೇ ಹೊರಡಿಸಿದ್ದ. ಆ ನಿಯಮಗಳನ್ನು ಮುಂದೆ ಬ್ರಿಟಿಷರೂ ಬಹುಮಟ್ಟಿಗೆ ಅನುಸರಿಸಿದರೆಂಬುದು ಗಮನಾರ್ಹ.

ಈ ವ್ಯವಸ್ಥೆಯ ಗುಟ್ಟು ಕಾವಲುಗಳ ವಿಂಗಡಣೆಯಲ್ಲಿತ್ತು. ಬೇಸಿಗೆಗೆ ಒಂದು ಬಗೆಯ ಕಾವಲು, ಮಳೆಗಾಲಕ್ಕೆ ಇನ್ನೊಂದು, ಚಳಿಗಾಲಕ್ಕೆ ಮತ್ತೊಂದು. ಬೇಸಿಗೆಯವು ಸಾಮಾನ್ಯವಾಗಿ ಕೆರೆಯಂಗಳದ ಆಸುಪಾಸಿನಲ್ಲಿ, ಮರದ ನೆರಳಿರುವ ಕಡೆ ಇರುತ್ತಿದ್ದವು. ಹಿಂಡು ವರ್ಷವಿಡೀ ಒಂದರಿಂದ ಇನ್ನೊಂದಕ್ಕೆ ನಡೆಯುತ್ತಲೇ ಇರಬೇಕು. ಕೊಟ್ಟಿಗೆಯಿಲ್ಲ, ಹಿಂಡಿ ಬೂಸಾ ಇಲ್ಲ; ಸಿಕ್ಕ ಹುಲ್ಲು ಮೇಯಬೇಕು, ಸಿಡಿಲು ಮಳೆಗೆ ಮೈಯೊಡ್ಡಬೇಕು. ಹೀಗೆ ಅರೆಕಾಡು ಪ್ರಾಣಿಯಾಗಿ ಬೆಳೆದ ಕರುವನ್ನು ವರ್ಷಗಳ ಮೇಲೆ ಹಿಡಿದು, ಪಳಗಿಸಿ, ನೊಗಕ್ಕೆ ಹೂಡುತ್ತಿದ್ದರು. ಬ್ರಿಟಿಷರ ಕಾಲದಲ್ಲಿ ಈ ತರಬೇತಿ ಹುಣಸೂರಿನಲ್ಲಿ ನಡೆಯುತ್ತಿತ್ತು. ಹುಟ್ಟಿದ ಕರು ಫಿರಂಗಿ ಎಳೆಯುವಷ್ಟರಲ್ಲಿ ಆರೇಳು ವರ್ಷ ಕಳೆದಿರುತ್ತಿತ್ತು. ಇಂದು ನಡೆಯುವ ಯುದ್ಧಕ್ಕೆ ಆರು ವರ್ಷದ ಹಿಂದೆಯೇ ಸಿದ್ಧತೆಯಾಗಿರಬೇಕು.

ಎತ್ತಿನ ಕಾಲೂ ಕೆಸರಿಗೆ ಹೇಳಿ ಮಾಡಿಸಿದಂಥದು. ಕುದುರೆಯದು ಒಂಟಿ ಗೊರಸು. ಎತ್ತಿನದು ಸೀಳು ಗೊರಸು. ಊರಿದಾಗ ಅಗಲವಾಗಿ, ಕೀಳುವಾಗ ಕೂಡಿಕೊಳ್ಳುತ್ತದೆ. ಟೈರಿನ ಗಾಳಿ ಇಳಿಸುವ ಉಪಾಯವನ್ನು ಎತ್ತು ಹುಟ್ಟಿನಿಂದಲೇ ತಂದಿದೆ ಎನ್ನಬಹುದು. ಆದರೆ ಸಾಮಾನ್ಯ ಎತ್ತು ನಿಧಾನ. ಅಮೃತ ಮಹಲ್ ಎತ್ತಿನ ವೈಶಿಷ್ಟ್ಯವೆಂದರೆ ಅದರ ನಡೆ. 1781ರಲ್ಲಿ ಚಿದಂಬರದ ರಕ್ಷಣೆಗೆ ಹೈದರ್ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದದ್ದು, 1783ರಲ್ಲಿ ಟಿಪ್ಪು ಪೂರ್ವದ ಬಯಲಿನಿಂದ ಹೊರಟು ಒಂದು ತಿಂಗಳಲ್ಲಿ ಬಿದನೂರು ತಲುಪಿದ್ದು, 1790ರಲ್ಲಿ ಜನರಲ್ ಮೆಡೋಸ್‌ನ ಎದುರು ಎರಡು ದಿನಕ್ಕೆ ಅರವತ್ತಮೂರು ಮೈಲಿ ಸಾಗಿದ್ದು ಈ ಎತ್ತುಗಳಿಂದಲೇ ಎಂದು ಇಂಗ್ಲಿಷ್ ಅಧಿಕಾರಿಗಳೇ ಬರೆದಿಟ್ಟಿದ್ದಾರೆ. ಸೋತ ದಿನವೂ ಹೈದರ್ ತನ್ನ ಫಿರಂಗಿಗಳನ್ನು ಶತ್ರುವಿನ ಕಣ್ಣೆದುರಿನಿಂದಲೇ ಸಾಗಿಸಿಬಿಡುತ್ತಿದ್ದನಂತೆ.

ಇಂಥ ಎತ್ತುಗಳಿಲ್ಲದವರ ಪಾಡು 1791ರಲ್ಲಿ ತಿಳಿಯಿತು. ಆ ವರ್ಷದ ಮೇ ತಿಂಗಳಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಬೆಂಗಳೂರಿನಿಂದ ಹೊರಟು ಶ್ರೀರಂಗಪಟ್ಟಣದ ಸಮೀಪಕ್ಕೆ ಬಂದು, ಕಾಳಗವೊಂದರಲ್ಲಿ ಗೆದ್ದೂ ಇದ್ದ. ಆದರೆ ಟಿಪ್ಪು ದಾರಿಯುದ್ದಕ್ಕೂ ಮೇವು ಉಳಿಯದಂತೆ ಮಾಡಿದ್ದ. ಮುಂಗಾರು ಹಿಡಿಯಿತು. ಹಸಿವು, ರೋಗ, ಮಳೆ ಸೇರಿ ಎತ್ತುಗಳು ಸಾವಿರ ಸಾವಿರ ಸತ್ತವು. ಸೈನಿಕರೇ ಫಿರಂಗಿಗಳನ್ನು ಎಳೆದರು. ಕೊನೆಗೆ ಕನ್ನಂಬಾಡಿಯ ಬಳಿ ತಾನು ಅಷ್ಟು ಕಷ್ಟಪಟ್ಟು ತಂದ ದೊಡ್ಡ ಫಿರಂಗಿಗಳನ್ನು ತಾನೇ ನಾಶಮಾಡಿ ಕಾರ್ನ್‌ವಾಲಿಸ್ ಹಿಂದಿರುಗಬೇಕಾಯಿತು. ಗೆದ್ದ ಸೈನ್ಯವನ್ನು ಸೋಲಿಸಿದ್ದು ಮೇವಿಲ್ಲದ ಹೊಟ್ಟೆ ಮತ್ತು ಕೆಸರು. ಮೇಲುಕೋಟೆಯ ಬಳಿ ಮರಾಠಾ ಸೈನ್ಯ ದವಸದೊಂದಿಗೆ ಎದುರಾಗದಿದ್ದರೆ ಅವನ ಪಾಡು ಇನ್ನೂ ಕಷ್ಟವಿತ್ತು.

ಕಾರ್ನ್‌ವಾಲಿಸ್ ಪಾಠ ಕಲಿತ. ಮುಂದಿನ ತಿಂಗಳುಗಳನ್ನು ಎತ್ತುಗಳ ಸಂಗ್ರಹಕ್ಕೆ, ದಾರಿಯ ದುರ್ಗಗಳನ್ನು ಹಿಡಿಯುವುದಕ್ಕೆ, ಲಂಬಾಣಿಗಳ ಹೇರೆತ್ತುಗಳಿಂದ ಧಾನ್ಯ ತರಿಸುವ ಏರ್ಪಾಟಿಗೆ ಬಳಸಿ, 1792ರ ಫೆಬ್ರವರಿಯಲ್ಲಿ ಒಣನೆಲದ ಮೇಲೆ ಮತ್ತೆ ಬಂದ. ಈ ಬಾರಿ ಕೆಸರಿರಲಿಲ್ಲ.

ಬೇಲೂರಿನ ನಾಯಕರ ಪರಂಪರೆಗೆ ಸೇರಿದ ಬಲಂ ಸೀಮೆಯ ಪಾಳೆಯಗಾರನ ಮೇಲೆ ಆರ್ಥರ್ ವೆಲ್ಲೆಸ್ಲಿ ಹೋದದ್ದೂ ಮಳೆಗಾಲದಲ್ಲಲ್ಲ, 1802ರ ಜನವರಿಯಲ್ಲಿ. ಆ ಸೀಮೆಯ ಕಾಡೇ ಪಾಳೆಯಗಾರನ ಕೋಟೆಯಾಗಿತ್ತು. ಅವನ ನೆಲೆಯನ್ನು ಹಿಡಿದ ಮೇಲೆ ವೆಲ್ಲೆಸ್ಲಿ ಮಾಡಿಸಿದ ಕೆಲಸ ಕಾಡಿನ ನಡುವೆ ದಾರಿ ಕಡಿಸುವುದು. ಇಂದು ಜೀಪಿನವರು ರಸ್ತೆಯಿಲ್ಲವೆಂದು ಹುಡುಕಿಕೊಂಡು ಹೋಗುವ ಸೀಮೆಯೂ ಅದೇ ಎಂಬುದು ತಮಾಷೆ! ಫಿರಂಗಿ ಗಾಡಿಗಳನ್ನು ಮಾಡುವ ಕಾರ್ಖಾನೆಯೊಂದು ಆಗಿನ ವರ್ಷಗಳಲ್ಲೇ ಶ್ರೀರಂಗಪಟ್ಟಣದಲ್ಲಿ ಏರ್ಪಟ್ಟಿತು. ಗಾಲಿಯ ಮರವನ್ನೂ ಚೆನ್ನಾಗಿ ಒಣಗಿಸದೆ ಬಳಸುವಂತಿರಲಿಲ್ಲ. ಹಸಿ ಮರದ ಗಾಲಿ ಬಿಸಿಲಿಗೆ ಕುಗ್ಗಿ, ಆರೆಕಾಲು ಸಡಿಲವಾಗುತ್ತದೆ.

1799ರ ನಂತರ ಅಮೃತ ಮಹಲ್ ಹಿಂಡುಗಳು ನಿರ್ಲಕ್ಷ್ಯದಿಂದ ಕ್ಷೀಣಿಸಿದವು. 1813ರಲ್ಲಿ ಮದ್ರಾಸ್ ಸೈನ್ಯದ ಕ್ಯಾಪ್ಟನ್ ಹಾರ್ವೆಗೆ ವಹಿಸಿದ ಮೇಲೆ ಚೇತರಿಸಿಕೊಂಡವು. 1860ರಲ್ಲಿ ಖರ್ಚು ಉಳಿಸುವ ಹೆಸರಿನಲ್ಲಿ ಮದ್ರಾಸ್ ಸರ್ಕಾರ ಹಿಂಡುಗಳನ್ನೇ ಮಾರಿಬಿಟ್ಟಿತು. ಬೇಕಾದಾಗ ಪೇಟೆಯಲ್ಲಿ ಕೊಂಡರಾಯಿತೆಂಬುದು ಲೆಕ್ಕಾಚಾರ. ಬೇಕಾದಾಗ ಪೇಟೆಯಲ್ಲಿ ಅಂಥ ಎತ್ತು ಇರಲಿಲ್ಲ. ಕೆಲವೇ ವರ್ಷಗಳಲ್ಲಿ, 1866ರ ಹೊತ್ತಿಗೆ, ಚದುರಿದ ದನಗಳನ್ನು ಹುಡುಕಿ ತಂದು ಮತ್ತೆ ಹಿಂಡು ಕಟ್ಟಬೇಕಾಯಿತು. ಲೆಕ್ಕ ಬರೆಯುವವರಿಗೆ ಹುಲ್ಲುಗಾವಲು ಯಾವಾಗಲೂ ಖಾಲಿ ಜಾಗವಾಗಿಯೇ ಕಾಣುತ್ತದೆ.

ಆ ದೃಷ್ಟಿ ಮುಂದೆಯೂ ಬದಲಾಗಲಿಲ್ಲ. ಮೋಟಾರು ಬಂದ ಮೇಲೆ ಸೈನ್ಯಕ್ಕೆ ಎತ್ತು ಬೇಡವಾಯಿತು. ಒಂದು ಕಾಲಕ್ಕೆ ಲಕ್ಷಾಂತರ ಎಕರೆ ಇದ್ದ ಕಾವಲುಗಳು ಸಾಗುವಳಿಗೆ, ನೆಡುತೋಪಿಗೆ, ಒತ್ತುವರಿಗೆ ಕರಗಿದವು. ಚಳ್ಳಕೆರೆಯ ಬಳಿಯ ಕುದಾಪುರ, ಉಳ್ಳಾರ್ತಿ, ವರವು ಕಾವಲುಗಳು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳ ಪಾಲಾದಾಗ ಅಲ್ಲಿನ ದನಗಾಹಿಗಳ ಪರವಾಗಿ ಎದ್ದ ವಿವಾದ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಕಡೂರು ತಾಲ್ಲೂಕಿನ ಬಾಸೂರು ಕಾವಲು 2011ರಲ್ಲಿ ಸಂರಕ್ಷಿತ ಪ್ರದೇಶವಾದದ್ದು ದನದ ಹೆಸರಿನಲ್ಲಲ್ಲ, ಅಲ್ಲಿ ಉಳಿದ ಕೃಷ್ಣಮೃಗಗಳ ಹೆಸರಿನಲ್ಲಿ.

ಅಜ್ಜಂಪುರದ ತಳಿ ಸಂವರ್ಧನ ಕೇಂದ್ರದ ಹಿಂಡುಗಳು ಈಗಲೂ ಉಳಿದ ಕಾವಲುಗಳಲ್ಲಿ ಮೇಯುತ್ತವೆ. ಗಂಡು ಕರುಗಳನ್ನು ಬೀರೂರಿನಲ್ಲಿ ಹರಾಜು ಹಾಕುತ್ತಾರೆ. ಜೋಡಿಯ ಬೆಲೆ ಲಕ್ಷ ರೂಪಾಯಿ ದಾಟುವುದುಂಟು. ಕೊಂಡ ರೈತರಿಗೆ ಅವನ್ನು ಮನೆಗೆ ಒಯ್ಯುವುದೇ ಮೊದಲ ಸಾಹಸ. ಮನುಷ್ಯರ ಕೈ ಕಂಡರಿಯದ ಆ ಹೋರಿಗರುಗಳನ್ನು ಹಗ್ಗಕಟ್ಟಿ ಲಾರಿಗೆ ಹತ್ತಿಸಲು ಹತ್ತು ಜನ ಸೇರಬೇಕಾಗುತ್ತದೆ.