ಶನಿವಾರದ ಪೆನ್ನು

ಶಬ್ಬತ್ತಿನ ದಿನ ಬರೆಯುವಂತಿಲ್ಲ. ಶುಕ್ರವಾರ ಸೂರ್ಯ ಮುಳುಗಿದಾಗಿನಿಂದ ಶನಿವಾರ ನಕ್ಷತ್ರ ಮೂಡುವವರೆಗೆ ಯೆಹೂದಿ ಧರ್ಮಶಾಸ್ತ್ರ ನಿಷೇಧಿಸಿರುವ 39 ಬಗೆಯ ಕೆಲಸಗಳಲ್ಲಿ ಎರಡಕ್ಷರ ಬರೆಯುವುದೂ ಒಂದು. ಪುಣೆಯ ಕ್ಯಾಂಪಿನಲ್ಲಿರುವ ಲಾಲ್ ದೇವಳಕ್ಕೋ ರಾಸ್ತಾ ಪೇಟೆಯ ಸುಕ್ಕತ್ ಶೆಲೋಮೋಗೋ ಪ್ರಾರ್ಥನೆ ನೋಡಲೆಂದು ಹೋದ ಸಂಶೋಧಕರ ಕೈ ಕಟ್ಟಿಹೋಗುವುದು ಇಲ್ಲಿಯೇ. ಟಿಪ್ಪಣಿ ಇಲ್ಲ, ಫೋಟೋ ಇಲ್ಲ, ರೆಕಾರ್ಡರ್ ಇಲ್ಲ. ಕಂಡದ್ದನ್ನು ತಲೆಯಲ್ಲಿ ಹೊತ್ತು ಸಂಜೆಯವರೆಗೆ ಕಾಯಬೇಕು.

ಆಮೇಲೆ ಎಣಿಕೆ. ಸಾಮೂಹಿಕ ಪ್ರಾರ್ಥನೆಗೆ 13 ತುಂಬಿದ ಹತ್ತು ಯೆಹೂದಿ ಗಂಡಸರು ಬೇಕು. ಅದಕ್ಕೆ ಮಿನ್ಯಾನ್ ಎನ್ನುತ್ತಾರೆ. ಒಂಬತ್ತೇ ಜನ ಸೇರಿದ ದಿನ ಬಾಗಿಲಲ್ಲಿ ನಿಂತ ಸಂಶೋಧಕ ಯೆಹೂದಿಯಾಗಿದ್ದರೆ ಅವನೇ ಹತ್ತನೆಯವನು. ಅವನು ನೋಡಲು ಬಂದ ಪ್ರಾರ್ಥನೆ ನಡೆಯುವುದೇ ಅವನಿಂದ. ಹಿಂದೂವಾಗಿದ್ದರೆ ಅತಿಥಿ. ಹೆಂಗಸಾಗಿದ್ದರೆ, ಯೆಹೂದಿಯೇ ಆದರೂ, ಸಾಂಪ್ರದಾಯಿಕ ಸಿನಗಾಗಿನಲ್ಲಿ ಲೆಕ್ಕಕ್ಕಿಲ್ಲ. ಹೆಂಗಸರ ಕಡೆ ಹೋಗಿ ಕೂರಬೇಕು. ಗೋಡೆಗೊರಗಿ ತಟಸ್ಥವಾಗಿ ನೋಡುತ್ತೇನೆ ಎಂಬ ಮಾತು ಇಲ್ಲಿ ನಡೆಯದು.

ಈ ಎಣಿಕೆ ಸ್ಥಳೀಯರನ್ನೂ ಕಾಡಿದೆ. ಲಾಲ್ ದೇವಳವನ್ನು 1860ರ ದಶಕದಲ್ಲಿ ಕಟ್ಟಿಸಿದ್ದು ಬಗ್ದಾದಿನಿಂದ ಬಂದ ಡೇವಿಡ್ ಸಾಸೂನ್. ಬೆನೆ ಇಸ್ರೇಲಿಗಳಾದರೋ ಕೊಂಕಣದವರು, ಮರಾಠಿ ಮನೆಮಾತಿನವರು. ಹಿಂದೆ ಗಾಣದ ಕಸುಬು. ಶನಿವಾರ ಗಾಣ ನಿಲ್ಲಿಸುತ್ತಿದ್ದರಿಂದ 'ಶನಿವಾರ ತೇಲಿ' ಎಂದೇ ಹೆಸರು. ಭಾರತದ ಬಗ್ದಾದಿಗಳಲ್ಲಿ ಹಲವರು ಇವರನ್ನು ಮಿನ್ಯಾನಿಗೆ ಸೇರಿಸಲು ಹಿಂಜರಿದರು.

ಅವರ ಐತಿಹ್ಯದಲ್ಲಿ ಡೇವಿಡ್ ರಹಾಬಿ ಎಂಬ ಹೊರಗಿನ ಯೆಹೂದಿಯೊಬ್ಬ ಬರುತ್ತಾನೆ. ಅಡುಗೆಗೆಂದು ಹಲವು ಬಗೆಯ ಮೀನು ಕೊಟ್ಟನಂತೆ. ರೆಕ್ಕೆ, ಹುರುಪೆ ಇಲ್ಲದವನ್ನು ಹೆಂಗಸರು ಬೇರೆ ಮಾಡಿದರಂತೆ. ಆಗ ಅವನಿಗೆ ನಂಬಿಕೆ ಬಂತು. ಇತಿಹಾಸವೋ ಕಥೆಯೋ, ಸಂಶೋಧಕನೂ ಪರೀಕ್ಷಕನೂ ಒಬ್ಬನೇ ಆಗಿರುವುದು ಗಮನಾರ್ಹ. ಸಮುದಾಯದವರೇ ಆದ ಹೈಮ್ ಸ್ಯಾಮ್ಯುಯೆಲ್ ಕೇಹಿಮ್ಕರ್ 1897ರಲ್ಲಿ ಬರೆದು ಮುಗಿಸಿದ ಬೆನೆ ಇಸ್ರೇಲಿಗಳ ಇತಿಹಾಸ ಅಚ್ಚಾದದ್ದು 1937ರಲ್ಲಿ, ಟೆಲ್ ಅವೀವಿನಲ್ಲಿ.

ಪರೀಕ್ಷೆ ಅಲ್ಲಿಗೆ ಮುಗಿಯಲಿಲ್ಲ. ಇಸ್ರೇಲಿಗೆ ವಲಸೆ ಹೋದ ಬೆನೆ ಇಸ್ರೇಲಿಗಳ ಮದುವೆಗೆ ಮುನ್ನ ವಂಶ ವಿಚಾರಿಸಬೇಕೆಂದು ಅಲ್ಲಿನ ಮುಖ್ಯ ರಬ್ಬಿಗಳ ಮಂಡಳಿ 1960ರ ದಶಕದ ಆರಂಭದಲ್ಲಿ ಸೂಚಿಸಿತು. ಜೆರುಸಲೇಮಿನಲ್ಲಿ ಪ್ರತಿಭಟನೆ ನಡೆದ ಮೇಲೆ, 1964ರಲ್ಲಿ, ಪಟ್ಟು ಸಡಿಲಿಸಿತು. ಮಾನವಶಾಸ್ತ್ರದ ವಿದ್ಯಾರ್ಥಿ ವಂಶವೃಕ್ಷ ಬರೆಯಲು ಕೇಳುವ ಮೊದಲ ಪ್ರಶ್ನೆಯೂ ಅದೇ: ನಿಮ್ಮ ಅಜ್ಜಿ ಯಾವ ಮನೆಯವರು? ಇಸ್ರೇಲಿನಿಂದ ಬಂದವರು ಕೇಳಿದರೆ ಅದು ವಿಚಾರಣೆಯಂತೆ ಕೇಳಿಸಬಹುದು, ಪಕ್ಕದ ಪೇಟೆಯವರು ಕೇಳಿದರೆ ಹರಟೆಯಂತೆ. ಇತ್ತೀಚಿನ ದಶಕಗಳಲ್ಲಿ ಡಿಎನ್‌ಎ ಮಾದರಿಗಳನ್ನೂ ಸಂಗ್ರಹಿಸಿದ್ದಾರೆ. 2016ರ ಅಧ್ಯಯನವೊಂದು ಯೆಹೂದಿ ಮತ್ತು ಭಾರತೀಯ, ಎರಡೂ ಮೂಲಗಳನ್ನು ಗುರುತಿಸಿತು.

ಇನ್ನು ಮಲೀದಾ. ಹರಕೆಗೆ, ಶುಭಕಾರ್ಯಕ್ಕೆ ಪ್ರವಾದಿ ಎಲಿಯನನ್ನು ನೆನೆದು ನೆನೆಸಿದ ಅವಲಕ್ಕಿ, ಕಾಯಿತುರಿ, ಸಕ್ಕರೆ, ಹಣ್ಣು ಇಟ್ಟು ಹೀಬ್ರೂನಲ್ಲಿ ಪ್ರಾರ್ಥಿಸಿ ಹಂಚುತ್ತಾರೆ. ಹೊರದೇಶದ ಯೆಹೂದಿ ಸಂಶೋಧಕರಿಗೆ ತಟ್ಟೆಯಲ್ಲಿ ಹಿಂದೂ ಪ್ರಭಾವ ಕಾಣುತ್ತದೆ. ನಮ್ಮ ಕಡೆಯವರಿಗೆ ಅದು ಪ್ರಸಾದವೇ ಸರಿ ಅನ್ನಿಸಿ, ಹೀಬ್ರೂ ಕಿವಿಗೆ ಬೀಳುವುದಿಲ್ಲ. ತಟ್ಟೆ ಹಿಡಿದು ನಿಂತ ಮನೆಯಾಕೆ ಮಾತ್ರ ಇಬ್ಬರನ್ನೂ ಕೇಳುವುದು ಒಂದೇ: ಇನ್ನೂ ಸ್ವಲ್ಪ ಹಾಕಲೇ?