ಹುರಿಹಗ್ಗದ ಹಿಂದಿನ ಹವಳ

ಅರಬ್ಬಿ ಸಮುದ್ರದ ಅಮೀನಿ, ಕಡಮತ್, ಕಿಲ್ತಾನ್, ಚೆತ್ಲಾತ್ ಮತ್ತು ಬಿತ್ರ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು ಎಂಬುದು ಇಂದು ಹೆಚ್ಚಿನವರಿಗೆ ನೆನಪಿಲ್ಲ. ಟಿಪ್ಪು ಸುಲ್ತಾನನ ಅಧೀನದಲ್ಲಿದ್ದ ಇವು 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಈಸ್ಟ್ ಇಂಡಿಯಾ ಕಂಪನಿಯ ವಶವಾದವು. ದ್ವೀಪದವರು ಹಾಯಿಹಡಗುಗಳಲ್ಲಿ ತೆಂಗಿನ ನಾರಿನ ಹುರಿಯನ್ನು ಮಂಗಳೂರಿಗೆ ತರುತ್ತಿದ್ದರು. ಅದರ ವ್ಯಾಪಾರ ಸರ್ಕಾರದ ಏಕಸ್ವಾಮ್ಯವಾಗಿತ್ತು. ಹುರಿಗೆ ಬದಲಾಗಿ ಸಿಗುತ್ತಿದ್ದುದು ಅಕ್ಕಿ. ಭತ್ತ ಬೆಳೆಯದ ಆ ದ್ವೀಪಗಳಿಗೆ ಅದೇ ಅನ್ನದ ದಾರಿ.

ಆ ಅನ್ನದ ಹಿಂದೆ ಹವಳವಿತ್ತು. ದ್ವೀಪವನ್ನು ಬಳಸಿ ನಿಂತ ಹವಳದ ದಿಬ್ಬ ಕಡಲಿನ ಅಲೆಯನ್ನು ತಡೆದು, ಒಳಗೆ 'ಲಗೂನ್' ಎಂಬ ಶಾಂತ ಜಲರಾಶಿಯನ್ನು ಉಂಟುಮಾಡುತ್ತದೆ. ಅದರ ಅಂಚಿನ ಮರಳಿನಲ್ಲಿ ತೆಂಗಿನ ಸಿಪ್ಪೆಯನ್ನು ತಿಂಗಳುಗಟ್ಟಲೆ ಹೂತು, ಕೊಳೆಸಿ ನಾರು ತೆಗೆಯುತ್ತಿದ್ದರು. ದ್ವೀಪದ ನೆಲವೂ ಹವಳದ ಪುಡಿಯೇ. ಕುಡಿಯುವ ನೀರು ಸಹ ಆ ಮರಳಿನಡಿ, ಉಪ್ಪುನೀರಿನ ಮೇಲೆ ತೇಲುವ ತೆಳುವಾದ ಪದರ. ಟ್ಯೂನಾ ಮೀನನ್ನು ಗಾಳದ ಕೋಲಿನಿಂದ ಹಿಡಿಯಲು ಬೇಕಾದ ಜೀವಂತ ಎರೆಮೀನು ದೊರೆಯುವುದೂ ಲಗೂನಿನಲ್ಲೇ.

ಹವಳದ ದಿಬ್ಬ ಹೇಗೆ ಹುಟ್ಟಿತು? ಮುಳುಗುತ್ತಿರುವ ಜ್ವಾಲಾಮುಖಿ ಪರ್ವತದ ಸುತ್ತ ಹವಳ ಮೇಲಮೇಲಕ್ಕೆ ಬೆಳೆಯುತ್ತ ಹೋಗುತ್ತದೆ, ಪರ್ವತ ಮರೆಯಾದ ಮೇಲೆ ಉಂಗುರವಷ್ಟೇ ಉಳಿಯುತ್ತದೆ ಎಂದು ಚಾರ್ಲ್ಸ್ ಡಾರ್ವಿನ್ 1842ರಲ್ಲಿ ವಿವರಿಸಿದ. 1952ರಲ್ಲಿ ಪೆಸಿಫಿಕ್ ಸಾಗರದ ಎನಿವೆಟಾಕ್ ದ್ವೀಪದಲ್ಲಿ ಒಂದು ಕಿಲೋಮೀಟರಿಗೂ ಹೆಚ್ಚು ಆಳ ಕೊರೆದಾಗ, ಹವಳದ ಸುಣ್ಣಕಲ್ಲಿನ ಕೆಳಗೆ ಜ್ವಾಲಾಮುಖಿಯ ಶಿಲೆ ಸಿಕ್ಕಿತು. ಡಾರ್ವಿನ್ನನ ಊಹೆ ನಿಜವಾಗಿತ್ತು. ಅಂದರೆ ದಿಬ್ಬ ಬರಿಯ ಕಲ್ಲಲ್ಲ, ಬೆಳೆಯುತ್ತಲೇ ಇರಬೇಕಾದ ಗೋಡೆ.

ಈ ಗೋಡೆಯನ್ನು ಕಟ್ಟುವ ಪುಟ್ಟ ಜೀವಿಗಳಿಗೆ ಆಹಾರ ಒದಗಿಸುವುದು ಅವುಗಳ ಮೈಯೊಳಗೆ ವಾಸಿಸುವ ಸೂಕ್ಷ್ಮ ಪಾಚಿ. ಕಡಲು ಬೇಸಿಗೆಯ ವಾಡಿಕೆಗಿಂತ ಒಂದು ಡಿಗ್ರಿ ಹೆಚ್ಚು ಕಾದು ಕೆಲವು ವಾರ ಹಾಗೇ ಉಳಿದರೆ ಹವಳ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ನೀರು ಬೇಗ ತಣಿಯದಿದ್ದರೆ ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010 ಮತ್ತು 2016ರಲ್ಲಿ ಹೀಗಾಯಿತು. 1998ರಿಂದ 2022ರ ನಡುವೆ ಅಲ್ಲಿ ಸಮೀಕ್ಷೆ ನಡೆದ ದಿಬ್ಬಗಳಲ್ಲಿ ಜೀವಂತ ಹವಳದ ಹರವು ಸುಮಾರು ಅರ್ಧಕ್ಕೆ ಇಳಿದಿದೆ. ಒಂದು ಏಟಿಗೂ ಇನ್ನೊಂದಕ್ಕೂ ನಡುವೆ ಚೇತರಿಸಿಕೊಳ್ಳಲು ಕಾಲಾವಕಾಶ ಸಾಲುತ್ತಿಲ್ಲ.

ಗೋಡೆ ಹೋದರೆ ಅದರ ಬೆಲೆಯೇನು? ದಿಬ್ಬಗಳು ಅಲೆಗಳ ಶಕ್ತಿಯಲ್ಲಿ ಸರಾಸರಿ ಶೇಕಡ 97ರಷ್ಟನ್ನು ಹೀರುತ್ತವೆ. ದಕ್ಷಿಣದ ನೆರೆಯ ಮಾಲ್ಡೀವ್ಸ್‌ನಲ್ಲಿ ಕಟ್ಟಡಗಳಿಗೆಂದು ಹವಳವನ್ನು ಅಗೆದಿದ್ದರು; ರಾಜಧಾನಿ ಮಾಲೆಯ ಅಂಚಿನ ದಿಬ್ಬವನ್ನು ಮುಚ್ಚಿ ನೆಲ ಮಾಡಿಕೊಂಡಿದ್ದರು. 1987ರಲ್ಲಿ ಭಾರಿ ಅಲೆಗಳು ಊರೊಳಗೆ ನುಗ್ಗಿದವು. ಬಳಿಕ ಜಪಾನಿನ ನೆರವಿನಿಂದ ಕಾಂಕ್ರೀಟ್ ತಡೆಗೋಡೆ ಕಟ್ಟಬೇಕಾಯಿತು. ಅದು ಹವಳದಂತೆ ತಾನಾಗಿ ಬೆಳೆಯದು, ಮೀನನ್ನೂ ಮರಳನ್ನೂ ಕೊಡದು.

ಭೂಮಿಯ ತಾಪ ಕೈಗಾರಿಕಾ ಯುಗದ ಮುಂಚಿನದಕ್ಕಿಂತ 1.5 ಡಿಗ್ರಿ ಏರಿದರೆ ಜಗತ್ತಿನ ಹವಳದ ದಿಬ್ಬಗಳು ಶೇಕಡ 70ರಿಂದ 90ರಷ್ಟು ಕ್ಷೀಣಿಸುತ್ತವೆ, 2 ಡಿಗ್ರಿ ಏರಿದರೆ ಬಹುತೇಕ ಉಳಿಯುವುದಿಲ್ಲ ಎಂದು ವಿಶ್ವಸಂಸ್ಥೆಯ ಹವಾಮಾನ ತಜ್ಞರ ಸಮಿತಿ 2018ರಲ್ಲಿ ಹೇಳಿತು. ದಿಬ್ಬದ ಮೀನುಗಳನ್ನು ಮಿತಿಯಲ್ಲಿ ಹಿಡಿಯುವುದು, ಲಗೂನನ್ನು ಅಗೆಯದಿರುವುದು, ಕೊಳಚೆ ಬಿಡದಿರುವುದು ಹವಳಕ್ಕೆ ಒಂದಿಷ್ಟು ಸಮಯ ದೊರಕಿಸಿಕೊಡಬಹುದು. ಇಷ್ಟು ದ್ವೀಪದವರ ಕೈಯಲ್ಲಿದೆ. ಕಡಲಿನ ಕಾವನ್ನು ಇಳಿಸುವುದು ಮಾತ್ರ ಕಲ್ಲಿದ್ದಲು, ಪೆಟ್ರೋಲು ಸುಡುವ ದೂರದ ನಾಡುಗಳ ಕೈಯಲ್ಲಿದೆ.